ವಿಶೇಷ ಮಗುವಿಗೆ ಊರ ಶಾಲೆಯಲ್ಲಿ ಜಾಗವಿಲ್ಲವೇ? ಖಾಸಗಿ ಶಾಲೆಗೆ ಹಣ ಕಟ್ಟುವ ಮೊದಲು ಇದನ್ನು ಓದಿ

ಮಗುವಿಗೆ ಮಾತು ಬಂದಿಲ್ಲ, ಕರೆದರೆ ತಿರುಗಿ ನೋಡಲ್ಲ ಎಂಬ ಚಿಂತೆ ಮನೆಯಲ್ಲಿ ಶುರುವಾದರೆ ಸಾಕು, ವಾಟ್ಸಾಪ್‌ನಲ್ಲಿ ಸಲಹೆಗಳ ಮಳೆ. ‘ಸಾಮಾನ್ಯ ಶಾಲೆಯಲ್ಲಿ ಸೇರಿಸಿಕೊಳ್ಳಲ್ಲ’, ‘ಖಾಸಗಿ ವಿಶೇಷ ಶಾಲೆಯೊಂದೇ ದಾರಿ’, ‘ಆರು ತಿಂಗಳಲ್ಲಿ ಗುಣ’. ಹುಮನಾಬಾದ್ ಕಡೆಯ ಕೊಡಂಬಲದಂಥ ಊರಿನ ಪಾಲಕರಿಗೆ ಇದರ ಅರ್ಥ ಒಂದೇ: ಸಾಲ ಮಾಡಿ ಮಗುವನ್ನು ದೂರದ ಪಟ್ಟಣದಲ್ಲಿ ಬಿಡುವುದು. ಒಂದೊಂದಾಗಿ ನೋಡೋಣ.

ಹೇಳಿಕೆ 1: ಸಾಮಾನ್ಯ ಶಾಲೆ ಸೇರಿಸಿಕೊಳ್ಳುವುದಿಲ್ಲ.
ಇದು ತಪ್ಪು. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ ಪ್ರಕಾರ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ತಾರತಮ್ಯವಿಲ್ಲದೆ ಪ್ರವೇಶ ಕೊಡಬೇಕು. ಶೇ 40 ಅಥವಾ ಹೆಚ್ಚಿನ ವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ಹತ್ತಿರದ ಶಾಲೆ ಅಥವಾ ವಿಶೇಷ ಶಾಲೆ, ತಮ್ಮ ಆಯ್ಕೆಯಂತೆ, ಉಚಿತ ಶಿಕ್ಷಣದ ಹಕ್ಕಿದೆ. ತೀವ್ರ ವೈಕಲ್ಯವಿದ್ದರೆ ಮನೆಯಲ್ಲೇ ಶಿಕ್ಷಣ ಪಡೆಯಲು ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ಮಾಡಿದ ತಿದ್ದುಪಡಿ ಅವಕಾಶ ಕೊಟ್ಟಿದೆ.

ಹೇಳಿಕೆ 2: ವಿಶೇಷ ಶಾಲೆ ಎಂದರೆ ಎಲ್ಲಾ ಮಕ್ಕಳಿಗೂ ಒಂದೇ.
ಇದೂ ತಪ್ಪು. ಕಿವಿ ಕೇಳದ ಮಗುವಿಗೆ ಬೇಕಾದ್ದು ಶ್ರವಣ ಸಾಧನ, ಸಂಜ್ಞಾ ಭಾಷೆ. ಆಟಿಸಂ ಇರುವ ಮಗುವಿಗೆ ಬೇಕಾದ ತರಬೇತಿಯೇ ಬೇರೆ. ಕಿವುಡುತನವನ್ನು ಬುದ್ಧಿಮಾಂದ್ಯ ಎಂದು ತಪ್ಪು ತಿಳಿದರೆ ಮಾತು ಕಲಿಯುವ ಅಮೂಲ್ಯ ವರ್ಷಗಳೇ ಕೈತಪ್ಪುತ್ತವೆ. ಹಾಗಾಗಿ ಶಾಲೆಗಿಂತ ಮೊದಲು ಪರೀಕ್ಷೆ. ಕೆಲವೇ ದಿನಗಳ ಕೂಸಿಗೂ ಶ್ರವಣ ಪರೀಕ್ಷೆ ಮಾಡಬಹುದು. ಬೀದರ್‌ನ ಬ್ರಿಮ್ಸ್ ಆಸ್ಪತ್ರೆಯಲ್ಲಿ ವಿಚಾರಿಸಿ. ವಾಕ್ ಮತ್ತು ಶ್ರವಣ ತೊಂದರೆಗಳಿಗೆಂದೇ ಮೈಸೂರಿನಲ್ಲಿ 1965ರಿಂದ ಕೇಂದ್ರ ಸರ್ಕಾರದ ಸಂಸ್ಥೆಯಿದೆ.

ಹೇಳಿಕೆ 3: ಆರು ತಿಂಗಳಲ್ಲಿ ಆಟಿಸಂ ಗುಣವಾಗುತ್ತದೆ.
ಆಟಿಸಂ ರೋಗವಲ್ಲ, ಮಿದುಳು ಬೆಳೆಯುವ ರೀತಿಯಲ್ಲಿನ ವ್ಯತ್ಯಾಸ. ಅದನ್ನು ಅಳಿಸುವ ಔಷಧವಾಗಲಿ ಕೋರ್ಸ್ ಆಗಲಿ ಇಲ್ಲ. ಬೇಗ ಶುರುವಾದ ತರಬೇತಿಯಿಂದ ಮಾತು, ಊಟ, ಬಟ್ಟೆ ಹಾಕಿಕೊಳ್ಳುವುದು ಸುಧಾರಿಸಬಹುದು. ‘ಗ್ಯಾರಂಟಿ’ ಕೊಡುವವರಿಂದ ದೂರವಿರಿ.

ಖಾಸಗಿ ವಿಶೇಷ ಶಾಲೆಗಳೆಲ್ಲ ಮೋಸವೇ? ಖಂಡಿತ ಅಲ್ಲ. ಕೆಲವು ಮಕ್ಕಳಿಗೆ ಅದೇ ಸರಿಯಾದ ಜಾಗ. ಆದರೆ ಸೇರಿಸುವ ಮೊದಲು ಇವನ್ನು ಕೇಳಿ:

• ವಿಕಲಚೇತನರ ಕಾಯ್ದೆಯಡಿ ಸಂಸ್ಥೆಯ ನೋಂದಣಿ ಪತ್ರ ಇದೆಯೇ? ಅದಿಲ್ಲದೆ ಇಂಥ ಸಂಸ್ಥೆ ನಡೆಸುವಂತಿಲ್ಲ.
• ಶಿಕ್ಷಕರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇದೆಯೇ?
• ಸರ್ಕಾರದ ಅನುದಾನ ಬರುತ್ತದೆಯೇ? ಬರುತ್ತಿದ್ದರೆ ಶುಲ್ಕ ಯಾವುದಕ್ಕೆ?
• ನಿಮ್ಮ ಮಗುವಿಗೆಂದೇ ಬರೆದ ಕಲಿಕಾ ಯೋಜನೆ ತೋರಿಸುತ್ತಾರೆಯೇ?
• ಹಾಸ್ಟೆಲ್ ಆದರೆ, ಹೇಳದೆ ಬಂದು ಮಗುವನ್ನು ನೋಡಲು ಬಿಡುತ್ತಾರೆಯೇ?

ಮೊದಲು ಹೋಗಬೇಕಾದ್ದು ನಿಮ್ಮ ಗ್ರಾಮ ಪಂಚಾಯಿತಿಗೆ. ಅಲ್ಲಿನ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಯುಡಿಐಡಿ ಕಾರ್ಡ್‌ಗೆ ಅರ್ಜಿ ಹಾಕಲು ನೆರವಾಗುತ್ತಾರೆ. ಬಿಇಒ ಕಚೇರಿಯಲ್ಲಿ ವಿಶೇಷ ಅಗತ್ಯದ ಮಕ್ಕಳ ಸಂಪನ್ಮೂಲ ಶಿಕ್ಷಕರನ್ನು ಕೇಳಿ. ಪ್ರವೇಶ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಪಡೆದು ಬಿಇಒಗೆ ದೂರು ಕೊಡಿ.

ಮುಂದಿನ ಸಲ ‘ಇದೊಂದೇ ದಾರಿ’ ಎಂಬ ಮೆಸೇಜ್ ಬಂದರೆ ಫಾರ್ವರ್ಡ್ ಮಾಡಬೇಡಿ. ಮೇಲಿನ ಐದು ಪ್ರಶ್ನೆಗಳನ್ನು ಕಳಿಸಿ.