ಜಗಲಿಯ ಬೀಡಿ, ಗರ್ಭದ ಮಗುವಿನ ಶ್ವಾಸಕೋಶ

“ಅವಳು ಸೇದುವವಳಲ್ಲ. ಹೊಟ್ಟೆಯಲ್ಲಿರುವ ಮಗುವಂತೂ ಉಸಿರೇ ಆಡುವುದಿಲ್ಲ. ಹೊಗೆ ಅದಕ್ಕೇನು ಮಾಡೀತು?” ಬಸುರಿ ಹೆಂಡತಿ ಮನೆಯಲ್ಲಿದ್ದರೂ ಬೀಡಿ, ಸಿಗರೇಟು ಬಿಡದ ಗಂಡಸರು ಹೇಳುವ ಮಾತಿದು.

ಗರ್ಭದ ಮಗು ಗಾಳಿ ಸೇವಿಸುವುದಿಲ್ಲ ಎಂಬುದು ನಿಜ. ಆಗ ಅದರ ಶ್ವಾಸಕೋಶದ ತುಂಬ ಇರುವುದು ದ್ರವ. ಆದರೆ ಹೊಗೆಯ ವಿಷ ಅಲ್ಲಿಗೆ ತಲುಪುವುದು ತಾಯಿಯ ರಕ್ತದ ಮೂಲಕ. ಮಾಸು ಕೆಟ್ಟದ್ದನ್ನೆಲ್ಲ ಜರಡಿ ಹಿಡಿಯುತ್ತದೆ ಎಂಬ ನಂಬಿಕೆಯೂ ಸುಳ್ಳು. ನಿಕೋಟಿನ್ ಅದನ್ನು ಸಲೀಸಾಗಿ ದಾಟುತ್ತದೆ. ಕಾರ್ಬನ್ ಮಾನಾಕ್ಸೈಡ್ ಕೂಡ ದಾಟಿ, ಮಗುವಿನ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ. ತಾವೇ ಸೇದದ, ಪಕ್ಕದವರ ಹೊಗೆ ಕುಡಿದ ತಾಯಂದಿರ ಮಕ್ಕಳ ಹೊಕ್ಕುಳಬಳ್ಳಿಯ ರಕ್ತದಲ್ಲೂ ನಿಕೋಟಿನ್ನಿನ ಕುರುಹು ಸಿಕ್ಕಿದೆ.

ಇದೆಲ್ಲ ನಡೆಯುವ ಕಾಲ ಎಂಥದ್ದು ನೋಡಿ. ಶ್ವಾಸನಾಳ ಕವಲೊಡೆಯುವ ಕೆಲಸ ಹೆಚ್ಚುಕಡಿಮೆ 17ನೇ ವಾರದ ಹೊತ್ತಿಗೆ ಮುಗಿಯುತ್ತದೆ. ಆಮೇಲೆ ಆ ಕೊಳವೆಗಳು ಬೆಳೆಯುತ್ತವೆಯೇ ಹೊರತು ಹೊಸ ಕವಲು ಮೂಡುವುದಿಲ್ಲ. ಬಸಿರಾದ ಕೋತಿಗಳಿಗೆ ನಿಕೋಟಿನ್ ಕೊಟ್ಟು ನೋಡಿದಾಗ ಮರಿಗಳ ಶ್ವಾಸನಾಳದ ಗೋಡೆಯಲ್ಲಿ ಕೊಲ್ಲಾಜನ್ ಎಂಬ ನಾರಿನಂಥ ಪ್ರೋಟೀನು ಹೆಚ್ಚಾಗಿತ್ತು. ಮನುಷ್ಯರಲ್ಲಿ, ಹುಟ್ಟುವ ಮೊದಲಿನ ಹೊಗೆಯನ್ನೂ ಹುಟ್ಟಿದ ಮೇಲಿನದನ್ನೂ ಬೇರ್ಪಡಿಸುವುದು ಕಷ್ಟ. ಆದರೂ ಯುರೋಪಿನ 15 ಅಧ್ಯಯನಗಳ ಸುಮಾರು 28 ಸಾವಿರ ತಾಯಿ-ಮಕ್ಕಳ ಮಾಹಿತಿಯನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಗರ್ಭದಲ್ಲಿ ಮಾತ್ರ ಬೇರೆಯವರ ಹೊಗೆಗೆ ಸಿಕ್ಕಿದ್ದ ಮಕ್ಕಳಲ್ಲೂ ಎರಡು ವರ್ಷದೊಳಗೆ ಎದೆ ಗೊರಗುಟ್ಟುವ ಸಾಧ್ಯತೆ ತುಸು ಹೆಚ್ಚಿತ್ತು. ತುಸುವೇ ಹೌದು. ಆದರೆ ತಡೆಯಬಹುದಾಗಿದ್ದ ತೊಂದರೆ ಅದು, ಅದಕ್ಕೇ ಸಂಕಟವಾಗುತ್ತದೆ.

“ಒಳಗೆ ಸೇದುವುದಿಲ್ಲ, ಜಗಲಿಗೆ ಹೋಗುತ್ತೇನೆ” ಎನ್ನುವವರಿದ್ದಾರೆ. ಒಳಗೆ ಸೇದುವುದಕ್ಕಿಂತ ಅದು ವಾಸಿ. ಆದರೆ ತೆರೆದ ಬಾಗಿಲಲ್ಲಿ ಹೊಗೆ ಒಳಗೆ ಬರುತ್ತದೆ, ಬಟ್ಟೆಗಂಟಿಯೂ ಬರುತ್ತದೆ. ಕಿಟಕಿ ತೆಗೆದು ಫ್ಯಾನ್ ಹಾಕಿದರೆ ವಾಸನೆ ತಗ್ಗೀತು, ವಿಷ ಪೂರ್ತಿ ಹೋಗುವುದಿಲ್ಲ. ಬೀಡಿ ಎಲೆಯದ್ದು, ಹಾಗಾಗಿ ಸೌಮ್ಯ ಎಂಬುದಕ್ಕೂ ಆಧಾರವಿಲ್ಲ. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 38.7 ಮಂದಿ ಮನೆಯಲ್ಲೇ ಬೇರೆಯವರ ಹೊಗೆ ಕುಡಿಯುತ್ತಿದ್ದರು.

ಇಷ್ಟಾದರೂ “ಗಂಡ ಸೇದುವಾಗ ನೀನೇ ಎದ್ದು ಆಚೆ ಹೋಗು” ಎಂದು ಬಸುರಿಗೇ ಬುದ್ಧಿ ಹೇಳುತ್ತೇವೆ. ಇದು ಅನ್ಯಾಯ. ಬಿಡಬೇಕಾದವನು ಸೇದುವವನು.

“ಏಳು ತಿಂಗಳಾಯಿತು, ಈಗ ಬಿಟ್ಟು ಏನು ಪ್ರಯೋಜನ?” ಎಂದು ಕೈಚೆಲ್ಲಬೇಕಿಲ್ಲ. ಶ್ವಾಸಕೋಶದ ಗಾಳಿಗೂಡುಗಳು ಮೂಡುವುದೇ ಬಸಿರಿನ ಕೊನೆಯ ವಾರಗಳಲ್ಲಿ; ಹುಟ್ಟಿದ ಮೇಲೂ ವರ್ಷಗಟ್ಟಲೆ ಹೆಚ್ಚುತ್ತಲೇ ಇರುತ್ತವೆ. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-11-2356, ಕರೆ ಉಚಿತ.