ಮರಳ ದಾರಿಯ ಅರವಟ್ಟಿಗೆ

ಮರುಭೂಮಿ ಎಂದೊಡನೆ ನಮಗೆ ನೆನಪಾಗುವುದು ಒಂಟೆ. ಆದರೆ ಅದೇ ಮರಳಿನಲ್ಲಿ ಸೈಕಲ್ ತುಳಿಯುತ್ತಾ ಗುಂಪಾಗಿ ಸಾಗಿದವರೂ ಇದ್ದಾರೆ. ಈಜಿಪ್ಟಿನ ಕೈರೋದಿಂದ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ವರೆಗೆ ಸುಮಾರು 12,000 ಕಿಲೋಮೀಟರ್‌ಗಳ ಸಾಮೂಹಿಕ ಸೈಕಲ್ ಪ್ರಯಾಣ 2003ರಲ್ಲಿ ಆರಂಭವಾಯಿತು. ಒಟ್ಟು ನಾಲ್ಕು ತಿಂಗಳ ದಾರಿ. ಅದರಲ್ಲಿ ಸವಾರರನ್ನು ಹೆಚ್ಚು ಪರೀಕ್ಷಿಸುತ್ತಿದ್ದ ಭಾಗಗಳಲ್ಲೊಂದು ಉತ್ತರ ಸುಡಾನಿನ ಮರುಭೂಮಿ. ಆರಂಭದ ವರ್ಷಗಳಲ್ಲಿ ವಾದಿ ಹಲ್ಫಾದಿಂದ ದೊಂಗೋಲಾದ ಕಡೆಗೆ ಹೋಗುವ ರಸ್ತೆಗೆ ಡಾಂಬರೂ ಇರಲಿಲ್ಲ.

ಅಲ್ಲಿ ಒಂದು ದಿನ ಹೇಗಿರುತ್ತಿತ್ತು?

ಚಳಿಗಾಲದ ಮರುಭೂಮಿಯಲ್ಲಿ ರಾತ್ರಿ ಮೈ ನಡುಗಿಸುವ ಚಳಿ. ಬೆಳಕು ಹರಿಯುವ ಮುನ್ನ ಎದ್ದು, ಡೇರೆ ಮಡಚಿ, ಸಾಮಾನನ್ನು ಜೊತೆಗಿರುವ ಲಾರಿಗೆ ಹಾಕಿ ಹೊರಡಬೇಕು. ಬಿಸಿಲೇರುವ ಮೊದಲು ಆದಷ್ಟು ದೂರ ಸಾಗುವುದೇ ಜಾಣತನ. ಮರಳು ಆಳವಾಗಿದ್ದಲ್ಲಿ ಚಕ್ರ ಹೂತುಹೋಗುತ್ತದೆ, ಇಳಿದು ತಳ್ಳಬೇಕು. ಗಾಳಿ ಹೆಚ್ಚಾಗಿ ಉತ್ತರದಿಂದ ಬೀಸುವುದರಿಂದ ದಕ್ಷಿಣಕ್ಕೆ ಹೋಗುವವರಿಗೆ ಅದು ಆಸರೆ. ಅದೇ ಗಾಳಿ ಎದುರಾದರೆ ಒಬ್ಬರ ಹಿಂದೆ ಒಬ್ಬರು ಸಾಲಾಗುತ್ತಾರೆ. ಮುಂದಿನವರು ಗಾಳಿಯನ್ನು ತಡೆದರೆ ಹಿಂದಿನವರ ಶ್ರಮ ಕಡಿಮೆಯಾಗುತ್ತದೆ. ದಣಿದವರು ಹಿಂದೆ ಸರಿದಾಗ ಇನ್ನೊಬ್ಬರು ಮುಂದೆ ಬರುತ್ತಾರೆ. ಎಲ್ಲರೂ ಒಮ್ಮೆ ನೆರಳಾಗಬೇಕು, ಒಮ್ಮೆ ನೆರಳು ಪಡೆಯಬೇಕು.

ಮಧ್ಯಾಹ್ನಕ್ಕೆ ಬಾಟಲಿಯ ನೀರು ಬಿಸಿಯಾಗಿರುತ್ತದೆ. ಆಗ ನೈಲ್ ದಂಡೆಯ ಹಳ್ಳಿಯೊಂದರಲ್ಲಿ, ಮರದ ನೆರಳಿನಲ್ಲಿ ಸಾಲಾಗಿಟ್ಟ ದೊಡ್ಡ ಮಣ್ಣಿನ ಮಡಕೆಗಳು ಕಾಣುತ್ತವೆ. ಸುಡಾನಿನಲ್ಲಿ ಇವುಗಳಿಗೆ 'ಝೀರ್' ಎನ್ನುತ್ತಾರೆ. ಮುಚ್ಚಳದ ಮೇಲೊಂದು ಲೋಟ. ಮಡಕೆಯ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಒಣಗಾಳಿಗೆ ಆರಿದಂತೆ ಒಳಗಿನ ನೀರು ತಣ್ಣಗಾಗುತ್ತದೆ. ನಮ್ಮ ಮನೆಯ ಹೂಜಿಯದ್ದೂ ಇದೇ ಗುಟ್ಟು. ನೀರು ಯಾರು ತುಂಬಿಟ್ಟರೆಂದು ಕುಡಿದವನಿಗೆ ಗೊತ್ತಿಲ್ಲ. ಕುಡಿದವನು ಯಾವ ದೇಶದವನು, ಯಾವ ಧರ್ಮದವನು ಎಂದು ತುಂಬಿಟ್ಟವರಿಗೂ ಗೊತ್ತಿಲ್ಲ. ಕೆಲವರು ತೀರಿಹೋದ ತಂದೆತಾಯಿಯ ಹೆಸರಿನಲ್ಲಿ ಇದನ್ನು ಸದಕವಾಗಿ ಇಡುತ್ತಾರೆ.

ಇವರು ಕಷ್ಟ ಕಾಣದವರಲ್ಲ. ಅಸ್ವಾನ್ ಅಣೆಕಟ್ಟಿನಿಂದಾಗಿ 1960ರ ದಶಕದಲ್ಲಿ ಹಳೆಯ ವಾದಿ ಹಲ್ಫಾ ನೀರಿನಲ್ಲಿ ಮುಳುಗಿ, ಸಾವಿರಾರು ನೂಬಿ ಕುಟುಂಬಗಳು ಊರು ಬಿಟ್ಟವು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಆರಂಭವಾದಾಗ ಖಾರ್ತೂಮಿನ ಜನ ಮಕ್ಕಳನ್ನು ಕರೆದುಕೊಂಡು ಉತ್ತರಕ್ಕೆ, ಇದೇ ವಾದಿ ಹಲ್ಫಾಕ್ಕೆ ಓಡಿ ಬಂದರು. ಈಜಿಪ್ಟಿನ ವೀಸಾಕ್ಕಾಗಿ ಕುಟುಂಬಗಳು ವಾರಗಟ್ಟಲೆ ಕಾದವು, ಶಾಲೆಗಳೂ ಆಶ್ರಯತಾಣಗಳಾದವು. ಒಂದು ಕಾಲದಲ್ಲಿ ಪರದೇಶದ ಸವಾರರು ಸಾಹಸಕ್ಕಾಗಿ ಸಾಗಿದ ಮರುಭೂಮಿಯನ್ನು ತಾಯಂದಿರು ಜೀವ ಉಳಿಸಿಕೊಳ್ಳಲು ದಾಟಬೇಕಾಯಿತು.

ಸವಾರನಿಗಾಗಲಿ, ನಿರಾಶ್ರಿತಳಿಗಾಗಲಿ ಬಾಯಾರಿಕೆ ಒಂದೇ. ಅರವಟ್ಟಿಗೆ ನಮ್ಮ ನಾಡಿಗೂ ಹೊಸದಲ್ಲ. ಈ ಬೇಸಿಗೆಯಲ್ಲಿ ನಮ್ಮ ಗೇಟಿನ ಬಳಿ ಒಂದು ಮಡಕೆ, ಒಂದು ಲೋಟ ಇಡೋಣ. ಸಿಲಿಂಡರ್ ಹೊತ್ತು ತರುವವನಿಗೆ, ಮೀನು ಮಾರುವಾಕೆಗೆ ನಮ್ಮ ಹೆಸರು ತಿಳಿಯಬೇಕಾಗಿಲ್ಲ. ಮಡಕೆಗೆ ದಿನಾಲೂ ನೀರು ತುಂಬಿಸುವ ಕೆಲಸವನ್ನು ಮನೆಯ ಮಕ್ಕಳಿಗೇ ಒಪ್ಪಿಸೋಣ.