8051 ಮೈಕ್ರೋಕಂಟ್ರೋಲರ್‌ನಲ್ಲಿ ಸರಣಿ ಸಂವಹನ

ಸರಣಿ ಸಂವಹನವು ದತ್ತಾಂಶವನ್ನು ಒಂದು ತಂತಿಯ ಮೂಲಕ ಒಂದೊಂದೇ ಬಿಟ್‌ನಂತೆ ಸಾಗಿಸುವ ವಿಧಾನ. ಇಂಟೆಲ್ ಸಂಸ್ಥೆಯು 1980ರಲ್ಲಿ ಹೊರತಂದ 8051 ಮೈಕ್ರೋಕಂಟ್ರೋಲರ್‌ನಲ್ಲಿ ಇದಕ್ಕಾಗಿ ಸರಣಿ ಪೋರ್ಟ್ ಅಳವಡಿಸಲಾಗಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಎಲೆಕ್ಟ್ರಾನಿಕ್ಸ್ ಪಠ್ಯಕ್ರಮಗಳಲ್ಲಿ 8051ರ ಅಧ್ಯಯನಕ್ಕೆ ಸ್ಥಾನವಿದೆ. ದಾವಣಗೆರೆಯ ಯು.ಬಿ.ಡಿ.ಟಿ. (ಸ್ಥಾಪನೆ 1951) ಮತ್ತು ಬಾಪೂಜಿ (ಸ್ಥಾಪನೆ 1979) ಇಂಜಿನಿಯರಿಂಗ್ ಕಾಲೇಜುಗಳು ಈ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ.

ಚೌಕಟ್ಟು

ಈ ವಿಧಾನದಲ್ಲಿ ದತ್ತಾಂಶದೊಂದಿಗೆ ಗಡಿಯಾರ ಸಂಕೇತವನ್ನು ಕಳುಹಿಸುವುದಿಲ್ಲ. ಆದುದರಿಂದ ಎರಡೂ ಸಾಧನಗಳು ಒಂದೇ ವೇಗವನ್ನು ಮೊದಲೇ ಒಪ್ಪಿಕೊಂಡಿರಬೇಕು. ಬಿಡುವಿನಲ್ಲಿ ತಂತಿಯು 1ರ ಸ್ಥಿತಿಯಲ್ಲಿರುತ್ತದೆ. ಅದು 0ಗೆ ಇಳಿದಾಗ ಆರಂಭ ಬಿಟ್ ಬಂದಿತೆಂದು ಗ್ರಾಹಕವು ತಿಳಿಯುತ್ತದೆ. ಬಳಿಕ 8 ದತ್ತಾಂಶ ಬಿಟ್‌ಗಳು, ಕೊನೆಗೆ ಅಂತ್ಯ ಬಿಟ್ ಬರುತ್ತವೆ. ಹೀಗೆ ಒಂದು ಬೈಟ್‌ಗೆ 10 ಬಿಟ್‌ಗಳ ಕಾಲ ಬೇಕು.

ವೇಗದ ಲೆಕ್ಕ

8051ರಲ್ಲಿ ವೇಗವನ್ನು ಸಾಮಾನ್ಯವಾಗಿ ಟೈಮರ್ 1 ನಿರ್ಧರಿಸುತ್ತದೆ. ಕ್ರಿಸ್ಟಲ್‌ನ ಆವರ್ತನವನ್ನು 12ರಿಂದ, ಅನಂತರ 32ರಿಂದ, ಕೊನೆಗೆ ಟೈಮರ್‌ನ ಎಣಿಕೆಯಿಂದ ಭಾಗಿಸಿದರೆ ವೇಗ ದೊರೆಯುತ್ತದೆ. 11.0592 ಮೆಗಾಹರ್ಟ್ಸ್ ಕ್ರಿಸ್ಟಲ್ ಇದ್ದು ಎಣಿಕೆ 3 ಆದರೆ ವೇಗವು ಸೆಕೆಂಡಿಗೆ ಸರಿಯಾಗಿ 9600 ಬಿಟ್ ಆಗುತ್ತದೆ. ಈ ವಿಚಿತ್ರ ಸಂಖ್ಯೆಯ ಕ್ರಿಸ್ಟಲ್ ಬಳಕೆಗೆ ಇದೇ ಕಾರಣ.

ಅದರ ಬದಲು 12 ಮೆಗಾಹರ್ಟ್ಸ್ ಕ್ರಿಸ್ಟಲ್ ಹಾಕಿದರೆ ವೇಗವು ಸುಮಾರು 10,417 ಆಗಿ, ಶೇ. 8.5ರಷ್ಟು ದೋಷ ಬರುತ್ತದೆ. ಗ್ರಾಹಕವು ಪ್ರತಿ ಬಿಟ್‌ನ ಮಧ್ಯಭಾಗವನ್ನು ಓದುವುದರಿಂದ ಸಣ್ಣ ದೋಷವನ್ನು ತಾಳಿಕೊಳ್ಳಬಲ್ಲದು. ಆದರೆ ಈ ದೋಷವು ಬಿಟ್‌ನಿಂದ ಬಿಟ್‌ಗೆ ಕೂಡುತ್ತಾ ಹೋಗಿ ಅರ್ಧ ಬಿಟ್‌ ಮೀರುತ್ತದೆ. ಆಗ ಒಂದು ಬಿಟ್‌ನ ಬದಲು ಅದರ ಮುಂದಿನದು ಓದಲ್ಪಡುತ್ತದೆ. ಕ್ರಮವಿಧಿ ಸರಿಯಿದ್ದರೂ ಪರದೆಯಲ್ಲಿ ಅರ್ಥವಿಲ್ಲದ ಅಕ್ಷರಗಳು ಮೂಡುತ್ತವೆ. ಅದೇ ಕ್ರಿಸ್ಟಲ್‌ನಲ್ಲಿ ಎಣಿಕೆಯನ್ನು 13 ಮಾಡಿ 2400ರ ವೇಗ ಬಳಸಿದರೆ ದೋಷವು ಶೇ. 0.16ಕ್ಕೆ ಇಳಿಯುತ್ತದೆ.

ಕ್ರಮವಿಧಿಯ ಹಂತಗಳು

1. ಟಿಮಾಡ್ ರಿಜಿಸ್ಟರ್‌ನಲ್ಲಿ ಷೋಡಶಮಾನ 20 ಬರೆದು, ಟೈಮರ್ 1 ತಾನಾಗಿ ಮರುತುಂಬುವಂತೆ ಮಾಡುವುದು.
2. ಟಿಎಚ್1ರಲ್ಲಿ ಷೋಡಶಮಾನ ಎಫ್‌ಡಿ, ಅಂದರೆ −3, ಬರೆಯುವುದು.
3. ಎಸ್‌ಕಾನ್‌ನಲ್ಲಿ ಷೋಡಶಮಾನ 50 ಬರೆದು, 8 ಬಿಟ್ ವಿಧಾನವನ್ನೂ ಸ್ವೀಕಾರವನ್ನೂ ಸಕ್ರಿಯಗೊಳಿಸುವುದು.
4. ಟಿಆರ್1 ಬಿಟ್‌ನಿಂದ ಟೈಮರ್ ಆರಂಭಿಸುವುದು.
5. ಎಸ್‌ಬಫ್‌ನಲ್ಲಿ ಬೈಟ್ ಬರೆದು, ಟಿಐ ಧ್ವಜವು 1 ಆಗುವವರೆಗೆ ಕಾದು, ಅದನ್ನು 0 ಮಾಡುವುದು.

ಟಿಐ ಧ್ವಜವನ್ನು ಯಂತ್ರಾಂಶವು ತಾನಾಗಿ ಅಳಿಸುವುದಿಲ್ಲ. ಅದನ್ನು 0 ಮಾಡಲು ಮರೆತರೆ ಮುಂದಿನ ಬೈಟ್, ಹಿಂದಿನದು ಹೊರಹೋಗುವ ಮುನ್ನವೇ ಬರೆಯಲ್ಪಟ್ಟು ಎರಡೂ ಕೆಡುತ್ತವೆ. ಸ್ವೀಕಾರದಲ್ಲಿ ಆರ್‌ಐ ಧ್ವಜಕ್ಕೂ ಇದೇ ನಿಯಮ.

ಕನ್ನಡ ಪಠ್ಯ

ಯುಟಿಎಫ್-8 ಸಂಕೇತೀಕರಣದಲ್ಲಿ ಕನ್ನಡದ ಪ್ರತಿ ವರ್ಣಸಂಕೇತಕ್ಕೆ 3 ಬೈಟ್ ಬೇಕು. ‘ದಾವಣಗೆರೆ’ ಎಂಬ ಪದದಲ್ಲಿ ಸ್ವರಚಿಹ್ನೆಗಳೂ ಸೇರಿ 8 ವರ್ಣಸಂಕೇತಗಳಿವೆ. ಇವುಗಳ 24 ಬೈಟ್‌ಗಳು 9600ರ ವೇಗದಲ್ಲಿ 25 ಮಿಲಿಸೆಕೆಂಡುಗಳಲ್ಲಿ ಸಾಗುತ್ತವೆ. ಇವುಗಳಲ್ಲಿ ಒಂದು ಬೈಟ್ ತಪ್ಪಿದರೂ ಆ ಅಕ್ಷರವು ಸರಿಯಾಗಿ ಮೂಡುವುದಿಲ್ಲ.